ಸಮನ್ಸ್ ಬಂದಿದೆ. ವಿಚಾರಣೆ ಶುರುವಾಗುವ ಮೊದಲಿನ ದಿನಾಂಕಗಳಲ್ಲಿ ಕೋರ್ಟಿನಲ್ಲಿ ಏನು ನಡೆಯುತ್ತದೆ?

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಈವರೆಗೆ ಯಾರೂ ಕೋರ್ಟಿನ ಮೆಟ್ಟಿಲು ಹತ್ತಿದವರಲ್ಲ. ಮೊನ್ನೆ ಠಾಣೆಯಿಂದ ಒಬ್ಬರು ಬಂದು ಅಪ್ಪನಿಗೂ ನನಗೂ ಸಮನ್ಸ್ ಕೊಟ್ಟು, ಸಹಿ ಹಾಕಿಸಿಕೊಂಡು ಹೋದರು. ಅಪ್ಪ ಒಂದನೇ ಆರೋಪಿ, ನಾನು ಎರಡನೆಯವನು.

ಕಳೆದ ಮಳೆಗಾಲದಲ್ಲಿ ಪಕ್ಕದವರು ಚರಂಡಿ ನೀರನ್ನು ನಮ್ಮ ತೋಟಕ್ಕೆ ತಿರುಗಿಸಿದ್ದರು. ಅಪ್ಪ ಗುದ್ದಲಿ ಹಿಡಿದು ಬಿಡಿಸಲು ಹೋದಾಗ ಮಾತಿಗೆ ಮಾತು ಬೆಳೆಯಿತು, ತಳ್ಳಾಟವೂ ಆಯಿತು. ಗುದ್ದಲಿ ಕಾವಿನಿಂದ ಹೊಡೆದರು ಎಂದು ಅವರು ದೂರು ಕೊಟ್ಟರು. ನಮ್ಮ ದೂರಿಗೆ ಹಿಂಬರಹ ಕೊಟ್ಟು ಕಳಿಸಿದರು, ಅವರದ್ದು ಎಫ್‌ಐಆರ್ ಆಯಿತು. ನಮ್ಮನ್ನು ಬಂಧಿಸಲಿಲ್ಲ, ನೋಟಿಸ್ ಕೊಟ್ಟು ಕರೆದು ಹೇಳಿಕೆ ಬರೆದುಕೊಂಡಿದ್ದರು. ಈಗ ಚಾರ್ಜ್‌ಶೀಟ್ ಆಗಿದೆ. ಕಲಂಗಳು: ಬಿಎನ್‌ಎಸ್ (ಐಪಿಸಿ ಬದಲು ಬಂದ ಭಾರತೀಯ ನ್ಯಾಯ ಸಂಹಿತೆ) 115(2) ಗಾಯ ಮಾಡಿದ್ದು, 118(1) ಆಯುಧದಿಂದ ಗಾಯ ಮಾಡಿದ್ದು, 352 ಬೇಕೆಂದೇ ಅವಮಾನಿಸಿದ್ದು, 351(2) ಬೆದರಿಕೆ, ಜೊತೆಗೆ 3(5), ಅಂದರೆ ಒಂದೇ ಉದ್ದೇಶದಿಂದ ಸೇರಿ ಮಾಡಿದ್ದು.

ಅಪ್ಪನಿಗೆ 68 ವರ್ಷ. ನಾಲ್ಕು ದಿನದಿಂದ ಸರಿಯಾಗಿ ನಿದ್ದೆ ಮಾಡಿಲ್ಲ. 'ಕಟಕಟೆಯಲ್ಲಿ ನಿಲ್ಲಿಸುತ್ತಾರಾ, ಅಲ್ಲಿಂದಲೇ ಒಳಗೆ ಹಾಕುತ್ತಾರಾ' ಎಂದು ಕೇಳುತ್ತಲೇ ಇದ್ದಾರೆ. ಮೊದಲ ದಿನ ಏನು ಕೇಳುತ್ತಾರೆ? ನಾವು ನಡೆದದ್ದನ್ನು ಹೇಳಬಹುದಾ? ಪ್ರತಿ ಸಲ ಅಪ್ಪ ಬರಲೇಬೇಕಾ? ಮಂಡಿ ನೋವಿದೆ ಅವರಿಗೆ. ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಜೋಳದಹೊಲ:
ಹೆದರಬೇಡಿ. ಮೊದಲ ದಿನ ನಿಮ್ಮ ಸರದಿ ಬಂದರೆ ಐದು ನಿಮಿಷವೂ ಹಿಡಿಯುವುದಿಲ್ಲ. ಕಾಯುವುದೇ ದೊಡ್ಡ ಕೆಲಸ.

ನಿವೃತ್ತ ಶಿರಸ್ತೇದಾರ:
ನ್ಯಾಯಾಲಯದ ಕಚೇರಿಯಲ್ಲಿ 30 ವರ್ಷಕ್ಕೂ ಹೆಚ್ಚು ಕೆಲಸ ಮಾಡಿದವನು ನಾನು. ನಿಮ್ಮ ತಂದೆಯವರಿಗೆ ಇದನ್ನು ಓದಿ ಹೇಳಿ.

ಬೆಳಗ್ಗೆ ಹತ್ತೂವರೆಗೆ ಆವರಣದಲ್ಲಿರಿ. ಕೋರ್ಟ್ ಹಾಲಿನ ಬಾಗಿಲ ಪಕ್ಕ ಆ ದಿನದ ಪ್ರಕರಣಗಳ ಪಟ್ಟಿ ಹಾಕಿರುತ್ತಾರೆ. ಸಮನ್ಸ್ ಮೇಲಿರುವ ಸಿ.ಸಿ. ನಂಬರನ್ನು (ನಿಮ್ಮ ಕೇಸಿನ ಸಂಖ್ಯೆ) ಅದರಲ್ಲಿ ಹುಡುಕಿ, ಎಷ್ಟನೆಯದು ಎಂದು ನೋಡಿಕೊಳ್ಳಿ. ನಿಮ್ಮ ವಕೀಲರು ಅಷ್ಟರಲ್ಲಿ ವಕಾಲತ್ತಿಗೆ (ನಿಮ್ಮ ಪರ ವಾದಿಸಲು ಅವರಿಗೆ ಕೊಡುವ ಅಧಿಕಾರಪತ್ರ) ಇಬ್ಬರ ಸಹಿಯನ್ನೂ ಹಾಕಿಸಿಕೊಂಡಿರುತ್ತಾರೆ. ಸಾಹೇಬರು ಪೀಠಕ್ಕೆ ಬಂದಾಗ ಎಲ್ಲರೂ ಎದ್ದು ನಿಲ್ಲುತ್ತಾರೆ, ನೀವೂ ನಿಲ್ಲಿ. ನಿಮ್ಮ ಪ್ರಕರಣ ಕೂಗಿದಾಗ ಮುಂದೆ ಹೋಗಿ, ಕೈ ಮುಗಿದು, ಆರೋಪಿಗಳು ನಿಲ್ಲುವ ಜಾಗದಲ್ಲಿ ನಿಲ್ಲಬೇಕು. ಎಷ್ಟೋ ತಾಲ್ಲೂಕು ನ್ಯಾಯಾಲಯಗಳಲ್ಲಿ ಅದು ಸೊಂಟದೆತ್ತರದ ಮರದ ಕಟಕಟೆ, ಅಷ್ಟೇ. ಅದಕ್ಕೆ ಬೀಗವೂ ಇಲ್ಲ, ಯಾರೂ ಕೋಳ ಹಾಕುವುದೂ ಇಲ್ಲ.

ಅಂದು ಆಗುವುದು ಮೂರು ಕೆಲಸ. ನೀವು ಹಾಜರಾದಿರಿ ಎಂದು ಬರೆದುಕೊಳ್ಳುತ್ತಾರೆ. ಜಾಮೀನು ಆಗುತ್ತದೆ. ಚಾರ್ಜ್‌ಶೀಟಿನ ನಕಲು ಕೊಡುತ್ತಾರೆ, ಅಥವಾ ಕೊಡಲು ಇನ್ನೊಂದು ದಿನಾಂಕ ಹಾಕುತ್ತಾರೆ. ಜಾಮೀನುದಾರರನ್ನು ಹಿಂದಿನ ದಿನವೇ ಗೊತ್ತು ಮಾಡಿಕೊಳ್ಳಿ. ಹೊಸ ಪಹಣಿ, ಆಧಾರ್, ಫೋಟೋ ತರಲು ಹೇಳಿ. ಪಹಣಿಯಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ ಇದ್ದರೆ ಅಲ್ಲೇ ತಕರಾರು ಶುರುವಾಗುತ್ತದೆ. ಇದೊಂದು ಕಾರಣಕ್ಕೆ ಸಂಜೆಯವರೆಗೆ ಕೂತವರನ್ನು ನಾನು ತುಂಬಾ ನೋಡಿದ್ದೇನೆ.

ನಡೆದ ಕಥೆಯನ್ನು ಅಂದು ಯಾರೂ ಕೇಳುವುದಿಲ್ಲ. ನೀವೂ ಹೇಳಲು ಹೋಗಬೇಡಿ.

ಸೈಕಲ್ ಸವಾರ:
ಇಷ್ಟಕ್ಕೆಲ್ಲ ಯಾಕೆ ಒದ್ದಾಡುತ್ತೀರಿ? ಸಣ್ಣ ಹೊಡೆದಾಟದ ಕೇಸು. 'ತಪ್ಪಾಯಿತು ಸ್ವಾಮಿ' ಎಂದು ಒಪ್ಪಿಕೊಳ್ಳಿ, ದಂಡ ಕಟ್ಟಿ, ಮನೆಗೆ ಬನ್ನಿ. ನಮ್ಮ ಮಾವ ಹಾಗೇ ಮಾಡಿದರು, ಒಂದೇ ದಿನದಲ್ಲಿ ಮುಗಿಯಿತು.

ಕರಿಕೋಟು:
ದಯವಿಟ್ಟು ಈ ಸಲಹೆ ತೆಗೆದುಕೊಳ್ಳಬೇಡಿ. ನಾನು ವಕೀಲಿ ಮಾಡುತ್ತೇನೆ. ತಪ್ಪೊಪ್ಪಿಕೊಂಡರೆ ಅದು 'ಮುಗಿಯಿತು' ಅಲ್ಲ, ಅಪರಾಧಿ ಎಂದು ತೀರ್ಪಾಯಿತು ಅಂತ ಅರ್ಥ. ಅದರ ಮೇಲೆ ಶಿಕ್ಷೆ ಏನು ಕೊಡಬೇಕು ಎನ್ನುವುದು ಮ್ಯಾಜಿಸ್ಟ್ರೇಟರಿಗೆ ಬಿಟ್ಟದ್ದು. ದಂಡ ಮಾತ್ರ ಹಾಕುತ್ತಾರೆ ಎಂದು ಯಾರೂ ಮೊದಲೇ ಬರೆದುಕೊಡಲಾರರು. 118(1) ಅಂದರೆ ಅಪಾಯಕಾರಿ ವಸ್ತುವಿನಿಂದ ಗಾಯ ಮಾಡಿದ್ದು. ಮೂರು ವರ್ಷದವರೆಗೆ ಜೈಲು, ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಇನ್ನೊಂದು ವಿಷಯ. ಬಂಧನವಿಲ್ಲದೆ ಚಾರ್ಜ್‌ಶೀಟ್ ಆಗಿದೆ, ತನಿಖೆಗೆ ನೀವು ಸಹಕರಿಸಿದ್ದೀರಿ. ಏಳು ವರ್ಷದೊಳಗಿನ ಶಿಕ್ಷೆಯ ಇಂಥ ಪ್ರಕರಣಗಳಲ್ಲಿ ಹಾಜರಾದವರನ್ನು ವಶಕ್ಕೆ ತೆಗೆದುಕೊಳ್ಳದೆಯೇ ಜಾಮೀನು ಅರ್ಜಿ ತೀರ್ಮಾನಿಸಬಹುದು ಎಂದು 2022ರ ಸತೇಂದ್ರ ಕುಮಾರ್ ಅಂಟಿಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಅಪ್ಪನಿಗೆ ಧೈರ್ಯ ಹೇಳಿ.

ಸೈಕಲ್ ಸವಾರ:
ವಕೀಲರು ಹಾಗೇ ಹೇಳುತ್ತೀರಿ. ಕೇಸು ಐದಾರು ವರ್ಷ ಎಳೆದರೆ ಬಸ್ ಚಾರ್ಜು, ಕೂಲಿ ನಷ್ಟ, ಫೀಸು ಯಾರು ಕೊಡುತ್ತಾರೆ? ಬಡವರ ಕಷ್ಟ ನಿಮಗೆ ಕಾಣುವುದಿಲ್ಲ. ನಾನು ಕೆಟ್ಟ ಉದ್ದೇಶದಿಂದ ಹೇಳಿದ್ದಲ್ಲ.

ಸಂಜೆಮಲ್ಲಿಗೆ:
ಸೈಕಲ್ ಸವಾರರೇ, ನಿಮ್ಮ ಮಾತಿನಲ್ಲಿರುವ ಕಷ್ಟ ನಿಜ. ಆದರೆ ನಮ್ಮ ಮನೆಯಲ್ಲಿ ಆದದ್ದನ್ನು ಹೇಳಲೇಬೇಕು. ನನ್ನ ಗಂಡನಿಗೆ 24 ವರ್ಷ ಇದ್ದಾಗ ಜಾತ್ರೆಯಲ್ಲಿ ಗಲಾಟೆಯಾಗಿ ಕೇಸಾಗಿತ್ತು. ಹೊಡೆದವರು ಬೇರೆಯವರು, ಇವರು ಬಿಡಿಸಲು ಹೋದವರು. ನಾಲ್ಕನೇ ದಿನಾಂಕಕ್ಕೆ ಬೇಸತ್ತು, ಜೊತೆಯಲ್ಲಿದ್ದ ಯಾರೋ 'ಒಪ್ಪಿಕೋ, ಐನೂರು ರೂಪಾಯಿ ದಂಡ ಅಷ್ಟೇ' ಅಂದರು. ಒಪ್ಪಿಕೊಂಡರು. ದಂಡ ಕಟ್ಟಿದ ರಸೀದಿಯನ್ನು ಜೇಬಲ್ಲಿಟ್ಟುಕೊಂಡು ಖುಷಿಯಾಗಿ ಮನೆಗೆ ಬಂದಿದ್ದರಂತೆ.

ಆರು ವರ್ಷದ ಮೇಲೆ ಸರ್ಕಾರಿ ಕೆಲಸದ ಆಯ್ಕೆ ಪಟ್ಟಿಯಲ್ಲಿ ಹೆಸರು ಬಂತು. ಪರಿಶೀಲನೆ ಅರ್ಜಿಯಲ್ಲಿ ಒಂದು ಪ್ರಶ್ನೆ: 'ನೀವು ಯಾವುದಾದರೂ ಅಪರಾಧದಲ್ಲಿ ಶಿಕ್ಷೆಗೊಳಗಾಗಿದ್ದೀರಾ?' ಆ ಪುಟವನ್ನು ಮುಂದಿಟ್ಟುಕೊಂಡು ಅವರು ಇಡೀ ರಾತ್ರಿ ಕೂತಿದ್ದನ್ನು ನಾನು ಮರೆಯುವುದಿಲ್ಲ. ನಿಜ ಬರೆದರು. ಕೆಲಸ ಸಿಗಲಿಲ್ಲ.

ಮಾಡದ ತಪ್ಪನ್ನು ಯಾರೂ ಒಪ್ಪಿಕೊಳ್ಳಬೇಡಿ. ಹೊಳೆದಂಡೆ, ನೀವು ಎರಡನೇ ಆರೋಪಿ. ನಿಮ್ಮ ವಯಸ್ಸು ಗೊತ್ತಿಲ್ಲ, ಆದರೆ ಯೋಚನೆ ಮಾಡಿ.

ಹೊಳೆದಂಡೆ:
ನನಗೆ 27. ಪರೀಕ್ಷೆಗಳನ್ನು ಬರೆಯುತ್ತಿದ್ದೇನೆ. ಓದಿ ಕೈ ತಣ್ಣಗಾಯಿತು ಅಕ್ಕ. ಹೇಳಿದ್ದಕ್ಕೆ ಧನ್ಯವಾದ.

ಸೈಕಲ್ ಸವಾರ:
ಸಂಜೆಮಲ್ಲಿಗೆಯವರೇ, ಇದು ನನಗೆ ಗೊತ್ತಿರಲಿಲ್ಲ. ಮಾವನಿಗೆ ಆಗಲೇ 60 ದಾಟಿತ್ತು, ಅವರಿಗೆ ನಡೆಯಿತು. ಹುಡುಗರಿಗೆ ಈ ಸಲಹೆ ಕೊಡಬಾರದಿತ್ತು, ವಾಪಸ್ ತೆಗೆದುಕೊಳ್ಳುತ್ತೇನೆ.

ಲಾ ಕಾಲೇಜು ಮೂರನೇ ವರ್ಷ:
ಕೇಸು ಬಾಕಿ ಇರುವಾಗಲೂ ಅರ್ಜಿಯಲ್ಲಿ ಕೇಳಿದ್ದರೆ ಮುಚ್ಚಿಡಬಾರದು. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ವಿವರವಾಗಿ ಹೇಳಿತು. ನಿಜ ಬರೆದವರ ವಿಷಯದಲ್ಲಿ ಕೇಸು ಎಂಥದ್ದು ಎಂದು ನೋಡಿ ಇಲಾಖೆ ತೀರ್ಮಾನಿಸಬಹುದು. ಮುಚ್ಚಿಟ್ಟರೆ ಆ ಮುಚ್ಚಿಟ್ಟದ್ದೇ ಕೆಲಸಕ್ಕೆ ಕುತ್ತಾಗಬಹುದು.

ಬಯಲುಸೀಮೆ:
ಒಂದು ಅನುಮಾನ. ಸಮನ್ಸ್ ಬಂದಿರುವುದರಿಂದ ಇದು ಸಮನ್ಸ್ ಕೇಸ್ ಅಲ್ವಾ? ಅದರಲ್ಲಿ ಆರೋಪ ನಿಗದಿ, ಅಂದರೆ ಯಾವ ಆರೋಪದ ಮೇಲೆ ವಿಚಾರಣೆ ಎಂದು ನ್ಯಾಯಾಲಯ ಬರೆದು ಗೊತ್ತು ಮಾಡುವುದು, ಅಂತೆಲ್ಲ ಇರುವುದಿಲ್ಲವಂತೆ. ಸುಮ್ನೆ 'ಒಪ್ಪುತ್ತೀರಾ ಇಲ್ಲವಾ' ಎಂದು ಕೇಳಿ ಸಾಕ್ಷಿಗೆ ಹಾಕುತ್ತಾರೆ ಎಂದು ಕೇಳಿದ್ದೇನೆ.

ಲಾ ಕಾಲೇಜು ಮೂರನೇ ವರ್ಷ:
ಇಲ್ಲ. ಹೆಸರು ನೋಡಿ ಎಲ್ಲರೂ ಹೀಗೇ ಅಂದುಕೊಳ್ಳುತ್ತಾರೆ. ನಿಮ್ಮ ಕೈಗೆ ಬಂದದ್ದು ಸಮನ್ಸೋ ವಾರಂಟೋ ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎರಡು ವರ್ಷಕ್ಕಿಂತ ಜಾಸ್ತಿ ಜೈಲು ಶಿಕ್ಷೆ ಕೊಡಬಹುದಾದ ಅಪರಾಧ ಇದ್ದರೆ ಅದು ವಾರಂಟ್ ಪ್ರಕರಣ. ಉಳಿದದ್ದು ಸಮನ್ಸ್ ಪ್ರಕರಣ. ಇವರ ಮೇಲಿರುವ 115(2)ಕ್ಕೆ ಹೆಚ್ಚೆಂದರೆ ಒಂದು ವರ್ಷ, 352 ಮತ್ತು 351(2)ಕ್ಕೆ ಎರಡು ವರ್ಷ. ಆ 118(1) ಒಂದಕ್ಕೆ ಮೂರು ವರ್ಷ ಇರುವುದರಿಂದ ಇಡೀ ಕೇಸು ವಾರಂಟ್ ಪ್ರಕರಣವಾಯಿತು.

ಹಾಗಾಗಿ ಇವರಿಗೆ 'ಆರೋಪ ಪೂರ್ವ ವಿಚಾರಣೆ' ಎಂಬ ಹಂತ ಇರುತ್ತದೆ. ಕೇಸಿನ ಸ್ಥಿತಿಯಲ್ಲಿ ಎಚ್‌ಬಿಸಿ (ಹಿಯರಿಂಗ್ ಬಿಫೋರ್ ಚಾರ್ಜ್) ಎಂದು ತೋರಿಸಿದರೆ ಅದೇ ಇದು. ಚಾರ್ಜ್‌ಶೀಟ್ ಓದಿದರೆ ಆರೋಪಕ್ಕೆ ಆಧಾರವೇ ಕಾಣುವುದಿಲ್ಲ ಅನಿಸಿದರೆ ಅಲ್ಲಿ ಬಿಡುಗಡೆ, ಅಂದರೆ ವಿಚಾರಣೆಗೆ ಮೊದಲೇ ಕೇಸಿನಿಂದ ಕೈಬಿಡುವಂತೆ, ಕೇಳಬಹುದು. ಕ್ರಿಮಿನಲ್ ಕೇಸು ನಡೆಸುವ ವಿಧಾನದ ಹಳೆಯ ಕಾನೂನು ಸಿಆರ್‌ಪಿಸಿಯಲ್ಲಿ ಇದು 239ನೇ ಕಲಂ, ಅದರ ಬದಲು ಬಂದ ಬಿಎನ್‌ಎಸ್‌ಎಸ್‌ನಲ್ಲಿ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) 262. ಹೊಸದರಲ್ಲಿ ಗಡುವು ಬಂದಿದೆ: ನಕಲು ಕೊಟ್ಟ ದಿನದಿಂದ 60 ದಿನದೊಳಗೆ ಅರ್ಜಿ ಹಾಕಬೇಕು. ಮೊದಲು ಹೀಗೆ ದಿನ ಎಣಿಸುವ ಪಾಡು ಇರಲಿಲ್ಲ.

ಕರಿಕೋಟು:
ಸರಿಯಾಗಿ ಹೇಳಿದ್ದೀರಿ. ಆ 60 ದಿನವನ್ನು ನಮ್ಮ ವೃತ್ತಿಯಲ್ಲೇ ಕೆಲವರು ಇನ್ನೂ ತಲೆಗೆ ಹಾಕಿಕೊಂಡಿಲ್ಲ. ನಕಲು ಪಡೆದು ಸಹಿ ಮಾಡುವಾಗ ಕೆಳಗೆ ತಾರೀಖನ್ನು ನೀವೇ ಬರೆಯಿರಿ.

ಹೊಳೆದಂಡೆ:
ತುಂಬಾ ಉಪಯೋಗವಾಯಿತು. ನನ್ನ ಮೊಬೈಲಿನಲ್ಲಿ ಆ ದಿನದ ವಿಡಿಯೋ ಇದೆ. ಎರಡು ನಿಮಿಷದ್ದು. ಅಪ್ಪ ಗುದ್ದಲಿಯನ್ನು ಬದುವಿನ ಮೇಲೆ ಇಟ್ಟದ್ದು ಅದರಲ್ಲಿ ಕಾಣುತ್ತದೆ. ಆರೋಪ ನಿಗದಿಗೆ ಮೊದಲೇ ಅದನ್ನು ನ್ಯಾಯಾಧೀಶರಿಗೆ ತೋರಿಸಿದರೆ ಕೇಸು ಅಲ್ಲೇ ಮುಗಿಯುವುದಿಲ್ಲವಾ?

ಕರಿಕೋಟು:
ಎಲ್ಲರಿಗೂ ಬೇಸರ ತರಿಸುವ ಉತ್ತರ ಇದು. ಇಲ್ಲ. ಆರೋಪ ನಿಗದಿಯ ಹಂತದಲ್ಲಿ ನ್ಯಾಯಾಲಯ ಪೊಲೀಸರು ಹಾಕಿದ ಕಾಗದಗಳನ್ನು ಮಾತ್ರ ನೋಡುತ್ತದೆ. ಆರೋಪಿ ತನ್ನ ಕಡೆಯ ದಾಖಲೆ ತಂದು ತೋರಿಸುವ ಹಕ್ಕು ಈ ಹಂತದಲ್ಲಿ ಇಲ್ಲ ಎಂದು 2004ರಲ್ಲಿ ದೇವೇಂದ್ರನಾಥ್ ಪಾಧಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮೂವರ ಪೀಠ ಹೇಳಿದೆ. ಆಮೇಲೆ ಕೆಲವು ಅಪರೂಪದ ಪ್ರಕರಣಗಳಲ್ಲಿ ಯಾರೂ ಅಲ್ಲಗಳೆಯಲಾಗದಂಥ ದಾಖಲೆಯನ್ನು ನೋಡಿದ್ದುಂಟು. ನಿಮ್ಮ ಮೊಬೈಲ್ ವಿಡಿಯೋವನ್ನು ಆ ಸಾಲಿಗೆ ಸೇರಿಸುವುದು ಕಷ್ಟ.

ಬಯಲುಸೀಮೆ:
ಇದೆಂಥ ನ್ಯಾಯ? ಕಣ್ಣಿಗೆ ಕಾಣುವ ಸಾಕ್ಷಿ ಕೈಯಲ್ಲಿದ್ದರೂ ವರ್ಷಗಟ್ಟಲೆ ಅಲೆಯಬೇಕಾ? ಇದನ್ನು ಒಪ್ಪಲು ಆಗುವುದಿಲ್ಲ.

ನಿವೃತ್ತ ಶಿರಸ್ತೇದಾರ:
ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಒಮ್ಮೆ ಆ ಕಡೆಯಿಂದಲೂ ನೋಡಿ. ಆರೋಪಿ ಒಂದು ವಿಡಿಯೋ ತಂದರೆ ದೂರುದಾರ ಇನ್ನೊಂದು ತರುತ್ತಾನೆ. ಯಾವುದು ಪೂರ್ತಿ, ಯಾವುದು ಕತ್ತರಿಸಿದ್ದು ಎಂದು ನೋಡಲು ಸಾಕ್ಷಿಯನ್ನು ಕರೆಯಬೇಕು, ಪಾಟೀಸವಾಲು ಆಗಬೇಕು. ಆಗ ಅದೇ ವಿಚಾರಣೆಯಾಯಿತು. ಈ ಹಂತದಲ್ಲಿ ನೋಡುವುದು ಬಲವಾದ ಸಂಶಯಕ್ಕೆ ಕಾರಣ ಇದೆಯಾ ಇಲ್ಲವಾ ಎಂದು ಮಾತ್ರ. ಅಪರಾಧ ಸಾಬೀತಾಯಿತಾ ಎಂದಲ್ಲ. ಆರೋಪ ಹೊರಿಸಿದ ಮಾತ್ರಕ್ಕೆ ಸೋತಿರಿ ಎಂದು ತಿಳಿಯಬೇಡಿ. ಆರೋಪ ಹೊರಿಸಿ, ಸಾಕ್ಷಿಗಳಾದ ಮೇಲೆ ಖುಲಾಸೆಯಾದ ಪ್ರಕರಣಗಳ ಕಡತಗಳನ್ನು ನಾನೇ ಎಷ್ಟೋ ಕಟ್ಟಿಟ್ಟಿದ್ದೇನೆ.

ಬಯಲುಸೀಮೆ:
ನೀವು ಹೇಳಿದ ಕಾರಣ ಅರ್ಥವಾಯಿತು. ಆದರೂ 68ರ ವಯಸ್ಸಿನವರು ಅಷ್ಟು ವರ್ಷ ಓಡಾಡುವುದು ಸರಿ ಎಂದು ನನ್ನ ಮನಸ್ಸು ಒಪ್ಪುತ್ತಿಲ್ಲ.

ಕರಿಕೋಟು:
ಹೊಳೆದಂಡೆ, ವಿಡಿಯೋವನ್ನು ಜೋಪಾನ ಮಾಡಿ. ಕತ್ತರಿಸಬೇಡಿ, ಮೇಲೆ ಅಕ್ಷರ ಹಾಕಬೇಡಿ, ವಾಟ್ಸಾಪ್‌ನಲ್ಲಿ ಕಳಿಸಿದ ಪ್ರತಿಯನ್ನೇ ನಂಬಬೇಡಿ. ತೆಗೆದ ಮೊಬೈಲನ್ನು ಮಾರಬೇಡಿ, ರಿಸೆಟ್ ಮಾಡಬೇಡಿ. ಮುಂದೆ ನಿಮ್ಮ ಕಡೆಯ ಸಾಕ್ಷ್ಯದ ಸಮಯದಲ್ಲಿ ಅದನ್ನು ಹಾಜರು ಮಾಡುವಾಗ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಪ್ರಮಾಣಪತ್ರ ಬೇಕು. ಹಿಂದೆ 65ಬಿ ಎನ್ನುತ್ತಿದ್ದರಲ್ಲ, ಅದೇ. ದೂರುದಾರರನ್ನು ಪಾಟೀಸವಾಲು ಮಾಡುವಾಗಲೂ ಆ ಎರಡು ನಿಮಿಷ ಕೆಲಸಕ್ಕೆ ಬರುತ್ತದೆ.

ಬಿಡುಗಡೆ ಅರ್ಜಿಯಲ್ಲಿ ಎಲ್ಲ ಕಲಂಗಳೂ ಬೀಳದಿದ್ದರೂ 118(1) ಒಂದು ಬಿದ್ದರೆ ಅದೇ ದೊಡ್ಡ ಲಾಭ. ಉಳಿದವು ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳು. 118(1) ಆ ಪಟ್ಟಿಯಲ್ಲಿಲ್ಲ. ಅದು ಉಳಿದರೆ, ಪಕ್ಕದವರು ನಾಳೆ ಮನಸ್ಸು ಬದಲಿಸಿ ಕೈ ಕುಲುಕಿದರೂ ಕೇಸು ರದ್ದತಿಗೆ ಬಿಎನ್‌ಎಸ್‌ಎಸ್ 528ನೇ ಕಲಂ ಅಡಿ ಹೈಕೋರ್ಟಿಗೇ ಹೋಗಬೇಕು. ಹಾಗಾಗಿ ನಕಲು ಸಿಕ್ಕ ದಿನ ಮೊದಲು ನೋಡಬೇಕಾದದ್ದು 'ಆಯುಧ' ಏನು, ಅದನ್ನು ಎಲ್ಲಿ ಯಾವ ಮಹಜರಿನಲ್ಲಿ (ಪಂಚರ ಮುಂದೆ ಪೊಲೀಸರು ಬರೆಯುವ ದಾಖಲೆ) ವಶಪಡಿಸಿದರು, ಗಾಯದ ಪ್ರಮಾಣಪತ್ರ ಏನು ಹೇಳುತ್ತದೆ ಎನ್ನುವುದನ್ನು.

ಮಣ್ಣಿನಮನೆ:
ಗಾಯದ ಪ್ರಮಾಣಪತ್ರದ ಮಾತಿಗೆ ನಮ್ಮ ಕೇಸು ನೆನಪಾಯಿತು. ನಮ್ಮಣ್ಣನ ಮೇಲೆ ಸಂಜೆ ಏಳಕ್ಕೆ ಹೊಡೆದ ಎಂದು ದೂರು. ವೈದ್ಯರು ಪರೀಕ್ಷೆ ಮಾಡಿದ ಸಮಯ ಸಂಜೆ 6.20 ಎಂದು ಪ್ರಮಾಣಪತ್ರದಲ್ಲೇ ಬರೆದಿತ್ತು. ಹೊಡೆಯುವ ಮೊದಲೇ ಗಾಯಕ್ಕೆ ಪಟ್ಟಿ! ಆ ಹಾಳೆ ಎರಡು ವರ್ಷ ನಮ್ಮ ಕಬ್ಬಿಣದ ಪೆಟ್ಟಿಗೆಯಲ್ಲೇ ಇತ್ತು, ಯಾರೂ ಓದಿರಲಿಲ್ಲ. ಹೊಸ ವಕೀಲರು ಬಂದು ಪುಟ ಪುಟ ಓದಿದ ಮೇಲೆ ಸಿಕ್ಕಿತು. ನಕಲನ್ನು ವಕೀಲರ ಕೈಗೆ ಕೊಟ್ಟು ಮರೆಯಬೇಡಿ. ಒಂದು ಜೆರಾಕ್ಸ್ ನಿಮ್ಮ ಹತ್ತಿರ ಇರಲಿ. ಬರೆದಿರುವ ಜಾಗ, ಹೊತ್ತು, ದಿಕ್ಕು ನಿಮಗೆ ಗೊತ್ತಿರುವಷ್ಟು ವಕೀಲರಿಗೆ ಗೊತ್ತಿರುವುದಿಲ್ಲ.

ಅಡಿಕೆ ಒಗರು:
ಒಂದು ಸಣ್ಣ ವಿಷಯ, ಆದರೆ ನನಗೆ ದುಬಾರಿಯಾಯಿತು. ಊರಲ್ಲಿ ಎಲ್ಲರೂ ನನ್ನನ್ನು ಪುಟ್ಟಣ್ಣ ಅಂತಲೇ ಕರೆಯುವುದು. ಚಾರ್ಜ್‌ಶೀಟಿನಲ್ಲಿ ಶಾಲೆ ದಾಖಲೆಯ ಹೆಸರು, ಆಮೇಲೆ 'ಬಿನ್' ಅಂತ ಅಪ್ಪನ ಹೆಸರು. ಹೊರಗೆ ನೆರಳಿನಲ್ಲಿ ನಿಂತಿದ್ದೆ. ಮೂರು ಸಲ ಕೂಗಿದರಂತೆ, ನನ್ನನ್ನೇ ಎಂದು ಗೊತ್ತಾಗಲಿಲ್ಲ. ಒಳಗೆ ಬಂದಾಗ ಗೈರು ಎಂದು ಬರೆದು ವಾರಂಟ್ ಆದೇಶ ಆಗಿಹೋಗಿತ್ತು. ವಕೀಲರು ಓಡಿ ಬಂದು ಅದೇ ಮಧ್ಯಾಹ್ನ ರದ್ದು ಕೋರಿ ಅರ್ಜಿ ಹಾಕಿದರು. ರದ್ದಾಯಿತು, ಆದರೆ ಆ ಎರಡು ಗಂಟೆ ನಾನು ಬದುಕಿದ್ದು ನನಗೇ ಗೊತ್ತು. ಕೂಗುವಾಗ ನಿಮ್ಮ ಹೆಸರು ಹೇಗೆ ಕೇಳಿಸುತ್ತದೆ ಎಂದು ಮೊದಲೇ ತಿಳಿದುಕೊಳ್ಳಿ. ಒಬ್ಬರು ಹೊರಗೆ ಹೋದರೆ ಇನ್ನೊಬ್ಬರು ಒಳಗಿರಿ.

ಜೋಳದಹೊಲ:
ಮೊಬೈಲ್ ಆಫ್ ಮಾಡಿಟ್ಟುಕೊಳ್ಳಿ. ಸೈಲೆಂಟ್ ಅಲ್ಲ, ಆಫ್.

ಬಯಲುಸೀಮೆ:
ಎರಡು ಸಲಕ್ಕಿಂತ ಜಾಸ್ತಿ ಮುಂದೂಡುವಂತಿಲ್ಲ ಎಂದು ಹೊಸ ಕಾನೂನು ಬಂದಿದೆಯಲ್ಲ? ಹಾಗಿದ್ದರೆ ಐದಾರು ವರ್ಷ ಎಳೆಯುವ ಮಾತೇ ಬರಬಾರದು.

ಕರಿಕೋಟು:
ಬಿಎನ್‌ಎಸ್‌ಎಸ್ 346ರಲ್ಲಿ ಹಾಗಿದೆ. ಪಕ್ಷಗಾರರ ಕೈಮೀರಿದ ಕಾರಣವಿದ್ದರೂ ಹೆಚ್ಚೆಂದರೆ ಎರಡು ಬಾರಿ ಎಂದು. ಆರೋಪದ ಬಗ್ಗೆ ಮೊದಲ ವಿಚಾರಣೆಯಾದ ದಿನದಿಂದ 60 ದಿನದೊಳಗೆ ಆರೋಪ ನಿಗದಿಯಾಗಬೇಕು ಎಂದು 263ರಲ್ಲೂ ಇದೆ. ಕಾಗದದ ಮಾತು ಒಳ್ಳೆಯದೇ. ಆದರೆ ಒಬ್ಬ ಸಹ ಆರೋಪಿಗೆ ಸಮನ್ಸ್ ಜಾರಿಯಾಗದಿದ್ದರೆ, ನ್ಯಾಯಾಧೀಶರು ರಜೆಯಲ್ಲಿದ್ದರೆ, ಸರ್ಕಾರಿ ವಕೀಲರು ಇನ್ನೊಂದು ಕೋರ್ಟಿನಲ್ಲಿದ್ದರೆ ದಿನಾಂಕ ಮುಂದೆ ಹೋಗೇ ಹೋಗುತ್ತದೆ.

ಬಯಲುಸೀಮೆ:
ಹಾಗಾದರೆ ಕಾನೂನಿನಲ್ಲಿ ಬರೆದು ಏನು ಪ್ರಯೋಜನ?

ನಿವೃತ್ತ ಶಿರಸ್ತೇದಾರ:
ಪ್ರಯೋಜನವಿದೆ. ಎದುರು ಕಡೆಯವರು ಕಾರಣವಿಲ್ಲದೆ ಸಮಯ ಕೇಳಿದಾಗ ನಿಮ್ಮ ವಕೀಲರು ಎದ್ದು ನಿಂತು ಆ ಕಲಂ ತೋರಿಸಬಹುದು. ತೋರಿಸಿದಾಗ ಸಮಯ ಕೇಳಿದವರ ಮೇಲೆ ವೆಚ್ಚ ಹಾಕಿದ್ದನ್ನು ನೋಡಿದ್ದೇನೆ. ಬಾಯಿ ಮುಚ್ಚಿಕೊಂಡಿದ್ದರೆ ಯಾವ ಕಲಂ ಇದ್ದರೂ ಅಷ್ಟೇ.

ಕಡಲತೀರ:
ವಿಷಯ ಬಿಟ್ಟು ಕೇಳುತ್ತಿದ್ದೇನೆ, ಕ್ಷಮಿಸಿ. ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟ್ ಕೊಡುವುದೇ ಇಲ್ಲವಾ? ತಮ್ಮನಿಗೆ ದುಬೈ ಕೆಲಸ ಸಿಕ್ಕಿದೆ, ಹಳೆಯ ಗಲಾಟೆ ಕೇಸೊಂದು ಇನ್ನೂ ಮುಗಿದಿಲ್ಲ.

ಲಾ ಕಾಲೇಜು ಮೂರನೇ ವರ್ಷ:
ಕೊಡುತ್ತಾರೆ, ಆದರೆ ಕೇಸು ನಡೆಯುತ್ತಿರುವ ನ್ಯಾಯಾಲಯದಿಂದ ವಿದೇಶಕ್ಕೆ ಹೋಗಲು ಅನುಮತಿಯ ಆದೇಶ ತರಬೇಕು. 1993ರ ಕೇಂದ್ರ ಸರ್ಕಾರದ ಅಧಿಸೂಚನೆ ಇದೆ. ಆದೇಶದಲ್ಲಿ ಅವಧಿ ಬರೆದಿದ್ದರೆ ಅಷ್ಟು ಕಾಲಕ್ಕೆ, ಬರೆಯದಿದ್ದರೆ ಒಂದು ವರ್ಷಕ್ಕೆ ಪಾಸ್‌ಪೋರ್ಟ್ ಸಿಗುತ್ತದೆ. ಅರ್ಜಿ ಹಾಕುವಾಗ ವಕೀಲರಿಗೆ ಅವಧಿಯನ್ನು ಸ್ಪಷ್ಟವಾಗಿ ಕೇಳಲು ಹೇಳಿ.

ಕಡಲತೀರ:
ತುಂಬಾ ಥ್ಯಾಂಕ್ಸ್. ಏಜೆಂಟ್ ಒಬ್ಬರು ಕೇಸಿನ ವಿಷಯ ಬರೆಯಲೇಬೇಡಿ ಎಂದಿದ್ದರು.

ಕರಿಕೋಟು:
ಅವರ ಮಾತು ಕೇಳಬೇಡಿ. ಪೊಲೀಸ್ ಪರಿಶೀಲನೆಯಲ್ಲಿ ಸಿಕ್ಕಿಬಿದ್ದರೆ ಸುಳ್ಳು ಮಾಹಿತಿ ಕೊಟ್ಟದ್ದಕ್ಕೆ ಇನ್ನೊಂದು ತಲೆನೋವು.

ಪಾರಿಜಾತ:
ಫೀಸಿನ ಮಾತು ಬಂತು. ವಕೀಲರಿಗೆ ಕೊಡಲು ಆಗದವರು ಕೋರ್ಟಿನ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಹೋಗಿ. 1987ರ ಕಾಯ್ದೆಯ 12ನೇ ಕಲಂ ಪ್ರಕಾರ ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಅಂಗವಿಕಲರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರು. ಉಳಿದವರಿಗೆ ಆದಾಯದ ಮಿತಿ ಇದೆ. ಫೋನ್ ಮಾಡುವುದಾದರೆ 15100. ನಾನು ಹೋದಾಗ ಸಿಕ್ಕ ವಕೀಲೆ ನನ್ನ ಕಾಗದಗಳನ್ನು ನನಗಿಂತ ಚೆನ್ನಾಗಿ ಓದಿದ್ದರು. ಉಚಿತ ಅಂದರೆ ಕಳಪೆ ಎಂದು ತಿಳಿಯಬೇಡಿ.

ಜೋಳದಹೊಲ:
ಎಲ್ಲ ಕಡೆ ಹಾಗಿರುವುದಿಲ್ಲ. ನಮ್ಮ ಪಕ್ಕದ ಮನೆಯವರಿಗೆ ಕೊಟ್ಟ ವಕೀಲರು ಎರಡು ದಿನಾಂಕಕ್ಕೆ ಬರಲೇ ಇಲ್ಲ.

ಪಾರಿಜಾತ:
ಹಾಗಾದರೆ ಸಮಿತಿಗೆ ಬರೆದು ಕೊಟ್ಟು ಬೇರೆಯವರನ್ನು ಕೇಳಬೇಕು. ಬದಲಿಸುತ್ತಾರೆ. ಸುಮ್ಮನಿರಬಾರದು.

ಮಣ್ಣಿನಮನೆ:
ಭಾಷೆಯ ಬಗ್ಗೆ ಯಾರೂ ಹೇಳಲಿಲ್ಲ. ಆರೋಪವನ್ನು ಓದಿ, ಅರ್ಥ ಮಾಡಿಸಿ, ಆಮೇಲೆ 'ತಪ್ಪೊಪ್ಪಿಕೊಳ್ಳುತ್ತೀರಾ, ವಿಚಾರಣೆ ಬೇಕಾ' ಎಂದು ಕೇಳಬೇಕು. ಅಣ್ಣನಿಗೆ ಗಡಿಬಿಡಿಯಲ್ಲಿ ಓದಿದಾಗ ಏನೂ ತಿಳಿಯಲಿಲ್ಲ. 'ಸ್ವಾಮಿ, ಅರ್ಥವಾಗಲಿಲ್ಲ, ಇನ್ನೊಮ್ಮೆ ಹೇಳಿ' ಅಂದ. ಸಾಹೇಬರು ಬೇಸರ ಮಾಡಿಕೊಳ್ಳಲಿಲ್ಲ. ಪೆನ್ನು ಕೆಳಗಿಟ್ಟು, ನಿಧಾನವಾಗಿ, ನಮ್ಮ ಮಾತಿನಲ್ಲೇ ಹೇಳಿದರು. ತಲೆ ಅಲ್ಲಾಡಿಸಿ ಸುಮ್ಮನಾಗಬೇಡಿ.

ನಿವೃತ್ತ ಶಿರಸ್ತೇದಾರ:
ಹೌದು, ಬಹಳ ಮುಖ್ಯ. 'ಆರೋಪ ಸುಳ್ಳು, ವಿಚಾರಣೆ ಆಗಲಿ' ಎಂದರೆ ಸಾಕು. ಅಲ್ಲಿ ಚರಂಡಿ ಕಥೆ ಶುರು ಮಾಡಬೇಡಿ. 'ತಳ್ಳಿದ್ದು ನಿಜ, ಹೊಡೆದಿಲ್ಲ' ಎಂಬಂಥ ಅರ್ಧ ಒಪ್ಪಿಗೆಯ ಮಾತುಗಳೇ ಮುಂದೆ ಕಾಡುತ್ತವೆ. ತಂದೆಯವರ ಹಾಜರಾತಿ ಬಗ್ಗೆ ಕೇಳಿದ್ದಿರಿ. ಮೊದಲ ದಿನ ಬರಲಿ, ಆರೋಪ ಓದುವ ದಿನ ಬರಲಿ. ಉಳಿದ ದಿನಾಂಕಗಳಿಗೆ ವೈದ್ಯರ ಚೀಟಿ ಇಟ್ಟು ವಕೀಲರು ವಿನಾಯಿತಿ ಅರ್ಜಿ ಹಾಕಬಹುದು, ಬಿಎನ್‌ಎಸ್‌ಎಸ್ 355. ಅರ್ಜಿ ಹಾಕದೆ ಮನೆಯಲ್ಲಿ ಉಳಿಯುವುದು ಬೇಡ.

ಹೊಳೆದಂಡೆ:
ಎಲ್ಲರಿಗೂ ನಮಸ್ಕಾರ, ನಿನ್ನೆ ಹೋಗಿ ಬಂದೆವು. ಹೇಳಿದ ಹಾಗೆ ಹತ್ತೂವರೆಗೆ ಹೋದೆವು. ಪಟ್ಟಿಯಲ್ಲಿ ನಮ್ಮದು 53ನೆಯದು. ಕೂಗಿದಾಗ 12.40. ಅಪ್ಪನ ಹೆಸರು, ಬಿನ್, ಅಜ್ಜನ ಹೆಸರು. ಅಜ್ಜ ತೀರಿಕೊಂಡು 30 ವರ್ಷವಾಗಿದೆ. ಅವರ ಹೆಸರು ಆ ಹಾಲಿನಲ್ಲಿ ಕೇಳಿದ್ದೇ ಅಪ್ಪನ ಕಣ್ಣು ಒದ್ದೆಯಾಯಿತು. ನಾನು ಕೈ ಹಿಡಿದು ಮುಂದೆ ಕರೆದುಕೊಂಡು ಹೋದೆ. ನ್ಯಾಯಾಧೀಶರು ಅಪ್ಪನ ವಯಸ್ಸು ಕೇಳಿ, ನಿಲ್ಲಲು ಆಗದಿದ್ದರೆ ಕೂರಿ ಎಂದರು. ಅಪ್ಪ ನಿಂತೇ ಇದ್ದರು.

ಚಿಕ್ಕಪ್ಪ ಜಾಮೀನುದಾರ. ಪಹಣಿಯಲ್ಲಿ ಇನಿಷಿಯಲ್ ಬೇರೆ ಇತ್ತು, ಶಿರಸ್ತೇದಾರರು ಎಚ್ಚರಿಸಿದ್ದರಿಂದ ಮೊದಲೇ ಅಫಿಡವಿಟ್ ಮಾಡಿಸಿದ್ದೆವು. ಮೂರು ನಿಮಿಷದಲ್ಲಿ ಮುಗಿಯಿತು. ನಕಲು ಅಂದೇ ಸಿಕ್ಕಿತು, 46 ಪುಟ. ಮುಂದಿನ ದಿನಾಂಕಕ್ಕೆ ಎಚ್‌ಬಿಸಿ ಎಂದು ತೋರಿಸುತ್ತಿದೆ.

ರಾತ್ರಿ ಊಟ ಆದಮೇಲೆ ಅಪ್ಪ ಕನ್ನಡಕ ಹಾಕಿಕೊಂಡು ಒಂದೊಂದೇ ಪುಟ ಓದಿಸಿದರು. ಮಹಜರಿನ ಪುಟ ಬಂದಾಗ ನಿಲ್ಲಿಸು ಅಂದರು. ಅದರಲ್ಲಿ ಸ್ಥಳದಲ್ಲಿ ಒಂದು ಮರದ ದೊಣ್ಣೆ ವಶಪಡಿಸಿದ್ದು ಎಂದಿದೆ. ದೂರಿನಲ್ಲಿ ಗುದ್ದಲಿ ಕಾವು. ನಮ್ಮ ಗುದ್ದಲಿ ಇನ್ನೂ ಕೊಟ್ಟಿಗೆಯಲ್ಲೇ ಇದೆ, ಯಾರೂ ಮುಟ್ಟಿಲ್ಲ.

ಮಣ್ಣಿನಮನೆ:
ನೋಡಿದಿರಾ! ಓದಿದ್ದಕ್ಕೆ ಸಿಕ್ಕಿತು.

ಕರಿಕೋಟು:
ಒಳ್ಳೆಯದು. ಇದನ್ನು ನಾಳೆಯೇ ನಿಮ್ಮ ವಕೀಲರಿಗೆ ತೋರಿಸಿ, ಬಿಡುಗಡೆ ಅರ್ಜಿಯಲ್ಲಿ 118(1)ರ ಬಗ್ಗೆ ಇದೇ ಮೊದಲ ಅಂಶವಾಗಬಹುದು. ಗುದ್ದಲಿಯನ್ನು ಎಲ್ಲಿದೆಯೋ ಅಲ್ಲೇ ಬಿಡಿ. ಮತ್ತೆ, ಕೇಸಿನ ಇಷ್ಟು ವಿವರ ಇನ್ನು ಇಲ್ಲಿ ಬರೆಯಬೇಡಿ. ಮೇಲಿನ ಕೊನೆಯ ಪ್ಯಾರಾ ಅಳಿಸಿಬಿಡಿ. ಎದುರು ಕಡೆಯವರೂ ಓದುತ್ತಿರಬಹುದು.

ಹೊಳೆದಂಡೆ:
ಸರಿ ಸರ್, ಅಳಿಸಲು ಕೇಳಿಕೊಂಡಿದ್ದೇನೆ. 60ನೇ ದಿನ ಯಾವುದು ಎಂದು ಅಪ್ಪನೇ ಬೆರಳು ಎಣಿಸಿ, ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಿಂದ ಗುರುತು ಹಾಕಿದ್ದಾರೆ. ನಿನ್ನೆ ರಾತ್ರಿ ನಿದ್ದೆಯನ್ನೂ ಮಾಡಿದರು.